ಕನ್ನಡದಲ್ಲಿ ಥೀಸಿಸ್ ಬರೆಯುತ್ತಿದ್ದೀರಾ? ಓದುವವರಿಗೆ ತಿಳಿಯುವ ಹಾಗೆ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕನ್ನಡದಲ್ಲಿ ಎಂ.ಎ. ಪ್ರಾಜೆಕ್ಟನ್ನೋ ಪಿಎಚ್.ಡಿ. ಮಹಾಪ್ರಬಂಧವನ್ನೋ ಬರೆಯುತ್ತಾ ಕೂತಿರುವವರಿಗಾಗಿ ಇದು. ನಿಮ್ಮ ಕ್ಷೇತ್ರಕಾರ್ಯ ಮುಗಿದಿದೆ, ನೋಟ್‌ಬುಕ್ ತುಂಬಿದೆ, ಫೋನಿನಲ್ಲಿ ತಾಸುಗಟ್ಟಲೆ ರೆಕಾರ್ಡಿಂಗ್ ಇದೆ. ಯಾರಾದರೂ ಕೇಳಿದರೆ ವಿಷಯವನ್ನು ಬಿಡಿಸಿ ಬಿಡಿಸಿ ಹೇಳುತ್ತೀರಿ. ಬರೆಯಲು ಕೂತ ಕೂಡಲೇ ಮಾತ್ರ ನಿಮ್ಮ ಕನ್ನಡ ಬೇರೆಯೇ ಆಗಿಬಿಡುತ್ತದೆ. ‘ಪ್ರಸ್ತುತ ಅಧ್ಯಯನವು’ ಅಂತ ಶುರುವಾದ ವಾಕ್ಯ ನಾಲ್ಕು ಸಾಲು ದಾಟಿದರೂ ಮುಗಿಯುವುದಿಲ್ಲ. ಗೈಡ್ ಓದಿ, “ಇಲ್ಲಿ ಏನ್ ಹೇಳಾಕ ಹೊಂಟೀರಿ?” ಅಂತ ಕೇಳುತ್ತಾರೆ. ನೀವು ಬಾಯಿಮಾತಿನಲ್ಲಿ ಹೇಳುತ್ತೀರಿ. “ಹೌದಲ್ರೀ, ಇದನ್ನ ಬರೀರಿ ಮತ್ತ!” ಅಂತಾರೆ.

ಗೈಡು, ಇಬ್ಬರು ಪರೀಕ್ಷಕರು ಬಿಟ್ಟರೆ ಥೀಸಿಸ್ ಓದುವವರು ಯಾರು ಅಂತ ಕೆಲವರು ಕೈಬಿಟ್ಟು ಕೂರುತ್ತಾರೆ. ಆ ಕಾಲ ಹೋಯಿತು. ಈಗ ಪಿಎಚ್.ಡಿ. ಪ್ರಬಂಧದ ಇ-ಪ್ರತಿ ಶೋಧಗಂಗಾ ಜಾಲತಾಣಕ್ಕೆ ಹೋಗುತ್ತದೆ, ಅಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಮುಂದಿನ ವರ್ಷ ನಿಮ್ಮದೇ ವಿಷಯ ಹಿಡಿಯುವ ಹುಡುಗಿ ಮೊದಲು ತೆರೆಯುವುದು ನಿಮ್ಮ ಪ್ರಬಂಧವನ್ನೇ. ಅವಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ.

ನಾನು ಹೇಳಬೇಕೆಂದಿರುವುದು ಬಹುಪಾಲು ಒಂದೇ ವಿಷಯ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅದು ಬರುವ ತನಕ ಹಿಂದೆ ಬಂದದ್ದನ್ನೆಲ್ಲ ಓದುವವರು ತಲೆಯಲ್ಲೇ ಹೊತ್ತುಕೊಂಡಿರಬೇಕು. ಹಾಗಾಗಿ ಯಾರು ಮಾಡಿದರು ಅನ್ನುವುದನ್ನು ಮೊದಲು ಹೇಳಿ, ಏನು ಮಾಡಿದರು ಅನ್ನುವುದಕ್ಕೆ ಬೇಗ ಬನ್ನಿ.

ಹೆಜ್ಜೆ 1: ಬರೆಯುವ ಮೊದಲು ಹೇಳಿ ನೋಡಿ

ಅಧ್ಯಾಯ ಶುರು ಮಾಡುವ ಮೊದಲು ಅದರಲ್ಲಿ ನೀವು ಹೇಳಬೇಕೆಂದಿರುವುದನ್ನು ಒಂದೇ ವಾಕ್ಯದಲ್ಲಿ ಹೇಳಿ. ‘ಇಳಕಲ್ ಸೀರೆ ಉದ್ಯಮ: ಒಂದು ಅಧ್ಯಯನ’ ಎಂಬುದು ವಾಕ್ಯ ಅಲ್ಲ, ಬರೀ ಫಲಕ. ‘ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಜೋಡಿಸಬೇಕಾದ್ದರಿಂದ ಇಳಕಲ್ ನೇಕಾರರ ದುಡಿಮೆಯ ದೊಡ್ಡ ಪಾಲು ನೇಯ್ಗೆ ಶುರುವಾಗುವ ಮೊದಲೇ ಖರ್ಚಾಗುತ್ತದೆ’ ಅಂದರೆ ಅದು ವಾಕ್ಯ (ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು). ಅದನ್ನು ಒಪ್ಪಬಹುದು, ‘ಇಲ್ಲ, ಲೆಕ್ಕ ತೋರಿಸಿ’ ಅಂತ ತಕರಾರು ಎತ್ತಬಹುದು. ತಕರಾರು ಎತ್ತಲು ಬರುವಂಥ ಮಾತಿದ್ದರೆ ಅಧ್ಯಾಯ ನಿಲ್ಲುತ್ತದೆ.

ಆ ಒಂದು ವಾಕ್ಯ ಸಿಗದಿದ್ದರೆ ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ, ಎದುರಿಗೆ ತಮ್ಮನೋ ತಂಗಿಯೋ ಕೂತಿದ್ದಾರೆ ಅಂದುಕೊಂಡು ಮಾತಾಡಿ. ಕನ್ನಡ ವಾಯ್ಸ್ ಟೈಪಿಂಗ್ ಈಗ ಸಾಕಷ್ಟು ಚೆನ್ನಾಗಿದೆ. ನಮ್ಮ ಕಡೆಯ ‘ಹೊಂಟೀನಿ’, ‘ಬರಾಕತ್ತೈತಿ’ ಕೇಳಿದರೆ ಅಲ್ಲಲ್ಲಿ ತಡವರಿಸುತ್ತದೆ, ಇರಲಿ. ನಿಮಗೆ ಬೇಕಾದದ್ದು ನೀವು ಯಾವುದನ್ನು ಮೊದಲು ಹೇಳಿದಿರಿ, ಯಾವುದನ್ನು ಆಮೇಲೆ ಹೇಳಿದಿರಿ ಅನ್ನುವ ಸಾಲು. ಬಾಯಲ್ಲಿ ಬಂದ ಆ ಸಾಲೇ ಹೆಚ್ಚಿನ ಸಲ ಸರಿ ಇರುತ್ತದೆ.

ಹೆಜ್ಜೆ 2: ವಾಕ್ಯದಲ್ಲಿ ಮನುಷ್ಯರನ್ನು ಹುಡುಕಿ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ, ಯಾಕಂದರೆ ಅರ್ಧ ಸಮಸ್ಯೆ ಇಲ್ಲೇ ಇದೆ. ಪ್ರಬಂಧಗಳಲ್ಲಿ ಸಿಗುವ ಧಾಟಿಯಲ್ಲಿ ನಾನೇ ಕಟ್ಟಿದ ಒಂದು ವಾಕ್ಯ ಇಲ್ಲಿದೆ:

“ಇಳಕಲ್ ಸೀರೆಯ ತಯಾರಿಕಾ ಪ್ರಕ್ರಿಯೆಯಲ್ಲಿ ಮೈಭಾಗದ ಹಾಗೂ ಸೆರಗಿನ ಭಾಗದ ಹಾಸುಗಳ ಪ್ರತ್ಯೇಕ ಸಿದ್ಧತೆ ಹಾಗೂ ತದನಂತರದ ಅವುಗಳ ಜೋಡಣೆಯು ಕೊಂಡಿ ತಂತ್ರದ ಮೂಲಕ ಕೈಗೊಳ್ಳಲ್ಪಡುತ್ತಿದ್ದು, ಸದರಿ ತಂತ್ರವು ಈ ಸೀರೆಯ ಅನನ್ಯತೆಯ ನಿರ್ಮಾಣದಲ್ಲಿ ಮಹತ್ವದ ಪಾತ್ರವನ್ನು ವಹಿಸುತ್ತದೆ ಎಂದರೆ ತಪ್ಪಾಗಲಾರದು.”

ವ್ಯಾಕರಣ ಸರಿಯಾಗಿದೆ. ಆದರೆ ಸೀರೆ ನೇಯುವವರೇ ಇಲ್ಲ! ಮಗ್ಗದ ಮನೆಗೆ ಹೋಗಿ, ಅವರ ಜೊತೆ ಕೂತು, ಚಹಾ ಕುಡಿದು ಬಂದ ಸಂಶೋಧಕರ ವಾಕ್ಯದಲ್ಲೇ ನೇಕಾರರು ಕಾಣೆ. ತಯಾರಿಕೆ, ಸಿದ್ಧತೆ, ಜೋಡಣೆ, ನಿರ್ಮಾಣ ಅಂತ ಕೆಲಸಗಳೆಲ್ಲ ನಾಮಪದಗಳಾಗಿ ಕೂತಿವೆ, ಕೆಲಸ ಮಾಡುವವರು ಹೊರಗೆ ನಿಂತಿದ್ದಾರೆ. ಪೆನ್ಸಿಲ್ ಹಿಡಿದು ಇಂಥ ನಾಮಪದಗಳಿಗೆ ಗೆರೆ ಎಳೆಯಿರಿ. ಪ್ರತಿಯೊಂದನ್ನೂ ‘ಇದನ್ನು ಮಾಡಿದವರು ಯಾರು?’ ಅಂತ ಕೇಳಿ. ಉತ್ತರವನ್ನು ವಾಕ್ಯದ ಮೊದಲಿಗೆ ತನ್ನಿ, ನಾಮಪದವನ್ನು ಕ್ರಿಯಾಪದ ಮಾಡಿ:

“ನೇಕಾರರು ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು ಸಿದ್ಧ ಮಾಡಿಕೊಳ್ಳುತ್ತಾರೆ. ಆಮೇಲೆ ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ.”

ಇಷ್ಟಕ್ಕೇ ಅರ್ಧ ಸರಿಹೋಯಿತು. ಇನ್ನು ಉಳಿದದ್ದು ‘ಅನನ್ಯತೆ’ ಮತ್ತು ‘ಮಹತ್ವದ ಪಾತ್ರ’. ಇವನ್ನು ನೋಡಿದ ಕೂಡಲೇ ‘ಅಂದರೆ ಏನು?’ ಅಂತ ಕೇಳಿ. ನಿಮ್ಮ ನೋಟ್‌ಬುಕ್ಕಿನಲ್ಲೇ ಉತ್ತರ ಇರುತ್ತದೆ. ರೂಢಿಯ ಇಳಕಲ್ ಸೀರೆಗೆ ಮೈಯಲ್ಲಿ ಹತ್ತಿಯ ಹಾಸು, ಸೆರಗಿನಲ್ಲಿ ರೇಷ್ಮೆಯ ಹಾಸು. ನೂಲೇ ಬೇರೆ, ಅದಕ್ಕೇ ಕೊಂಡಿ ಬೇಕು. ಹಾಗಿದ್ದ ಮೇಲೆ ಹತ್ತಾರು ಸೀರೆಗಳಿಗೆ ಆಗುವಷ್ಟು ಹಾಸನ್ನು ಒಮ್ಮೆಲೇ ಮಗ್ಗಕ್ಕೆ ಏರಿಸಿ ನೇಯುತ್ತಾ ಹೋಗಲು ಬರುವುದಿಲ್ಲ. ಈಗ ಮತ್ತೆ ಬರೆಯಿರಿ:

“ರೂಢಿಯ ಇಳಕಲ್ ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು ಇರುತ್ತದೆ. ನೇಕಾರರು ಎರಡನ್ನೂ ಬೇರೆ ಬೇರೆ ಸಿದ್ಧ ಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧ ಮಾಡಬೇಕಾಗುತ್ತದೆ.”

ಮೊದಲಿನ ವಾಕ್ಯ ತಪ್ಪಾಗಲು ಸಾಧ್ಯವೇ ಇರಲಿಲ್ಲ, ಯಾಕಂದರೆ ಅದು ಏನನ್ನೂ ಹೇಳಿರಲಿಲ್ಲ. ಈಗಿನದನ್ನು ಇಳಕಲ್ಲಿನ ನೇಕಾರರೊಬ್ಬರು ಓದಿ ‘ಇದು ಖರೇ’ ಅನ್ನಬಹುದು, ‘ಇಲ್ಲ, ಈಗ ಹಂಗ ಮಾಡಂಗಿಲ್ಲರೀ’ ಅಂತಲೂ ಅನ್ನಬಹುದು. ‘ಎಂದರೆ ತಪ್ಪಾಗಲಾರದು’ ಅನ್ನುವ ಬಾಲವನ್ನಂತೂ ಕಂಡಲ್ಲೆಲ್ಲ ಕತ್ತರಿಸಿ. ತಪ್ಪಾಗಲಾರದು ಅನ್ನಿಸಿದರೆ ನೇರವಾಗಿ ಹೇಳಿ. ಅನುಮಾನ ಇದ್ದರೆ ಒಂದು ‘ಬಹುದು’ ಸಾಕು. ‘ಇರಬಹುದೇನೋ ಎಂದು ಊಹಿಸಬಹುದಾಗಿದೆ’ ಅಂತ ಒಂದರ ಮೇಲೊಂದು ಅನುಮಾನ ಪೇರಿಸಬೇಡಿ.

ಹಾಗಂತ ‘ಲಾಗಿದೆ’, ‘ಲಾಯಿತು’ ಎಲ್ಲ ಕೆಟ್ಟದ್ದು ಅಂತ ಅಲ್ಲ. ಮಾಡಿದವರು ಯಾರು ಅಂತ ಗೊತ್ತಿಲ್ಲದಿದ್ದರೆ, ಅಥವಾ ಅದು ಅಲ್ಲಿ ಮುಖ್ಯ ಅಲ್ಲದಿದ್ದರೆ ಧಾರಾಳವಾಗಿ ಬಳಸಿ. ‘ಈ ಶಾಸನವನ್ನು ಬಂಡೆಯ ಮೇಲೆ ಕೊರೆಯಲಾಗಿದೆ’ ಅಂದರೆ ಯಾರಿಗೂ ತೊಂದರೆ ಇಲ್ಲ. ‘ಗ್ರಾಮಸ್ಥರನ್ನು ಸ್ಥಳಾಂತರಿಸಲಾಯಿತು’ ಅಂದಾಗ ಮಾತ್ರ ಎಚ್ಚರ. ಯಾರು ಸ್ಥಳಾಂತರಿಸಿದರು, ಯಾವ ಆದೇಶದ ಮೇಲೆ? ಅದೇ ನಿಮ್ಮ ಸಂಶೋಧನೆಯ ಪ್ರಶ್ನೆ ಆಗಿದ್ದಾಗ ಅದನ್ನು ಕ್ರಿಯಾಪದದೊಳಗೆ ಮುಚ್ಚಿಡಬಾರದು.

ಹೆಜ್ಜೆ 3: ಉದ್ದದ ವಾಕ್ಯವನ್ನು ಎಲ್ಲಿ ಮುರಿಯಬೇಕು

ಚಿಕ್ಕ ವಾಕ್ಯ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಕನ್ನಡದಲ್ಲಿ ಉದ್ದದ ವಾಕ್ಯ ಎರಡು ಥರ, ಒಂದು ಓದಲು ಸಲೀಸು, ಇನ್ನೊಂದು ಉಸಿರುಗಟ್ಟಿಸುತ್ತದೆ.

ಸಲೀಸಾದದ್ದು ‘ಹೋಗಿ, ನೋಡಿ, ಬರೆದುಕೊಂಡು, ಬಂದರು’ ಅನ್ನುವ ಸರಪಳಿ. ಕೆಲಸ ನಡೆದ ಕ್ರಮದಲ್ಲೇ ಮಾತು ಸಾಗುತ್ತದೆ, ಮಾಡಿದವರು ಯಾರು ಅಂತ ಮೊದಲೇ ಗೊತ್ತಿರುತ್ತದೆ. ನಮ್ಮ ಅಜ್ಜಿಯರು ಕಥೆ ಹೇಳುವುದು ಹೀಗೇ, ಎಷ್ಟು ಉದ್ದ ಎಳೆದರೂ ಮಕ್ಕಳು ದಾರಿ ತಪ್ಪುವುದಿಲ್ಲ.

ಉಸಿರುಗಟ್ಟಿಸುವುದು ‘ಮಾಡಿದ, ಇದ್ದ, ಬಂದಿರುವ’ ಅಂತ ಒಂದು ಹೆಸರಿನ ಮುಂದೆ ಸಾಲುಗಟ್ಟಿ ನಿಲ್ಲುವ ವಾಕ್ಯ. ಇದನ್ನು ನೋಡಿ:

“1880ರಲ್ಲಿ ಧಾರವಾಡದಲ್ಲಿ ಜನಿಸಿದ, ವಿಜಯಪುರದಲ್ಲಿ ವಕೀಲರಾಗಿದ್ದ, ವಚನಗಳ ತಾಳೆಗರಿಗಳನ್ನು ಸಂಗ್ರಹಿಸಿ ಸಂಪಾದಿಸಿದ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ ಫ.ಗು. ಹಳಕಟ್ಟಿಯವರ ಸಾಧನೆ ಅಪಾರವಾದುದು.”

ಯಾರ ವಿಷಯ ಅಂತ ತಿಳಿಯುವುದಕ್ಕೇ ಇಷ್ಟು ದೂರ ಬರಬೇಕು. ಬಂದ ಮೇಲೆ ಸಿಗುವುದು ‘ಅಪಾರವಾದುದು’ ಅಂತ ಒಂದು ಟೊಳ್ಳು ಮಾತು. ಹೆಸರನ್ನು ಮುಂದೆ ತನ್ನಿ: “ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ವಕೀಲಿ ಮಾಡುತ್ತಲೇ ವಚನಗಳ ತಾಳೆಗರಿಗಳನ್ನು ಹುಡುಕಿ, ಸಂಗ್ರಹಿಸಿ, ಸಂಪಾದಿಸಿದರು. 1926ರಲ್ಲಿ ‘ಶಿವಾನುಭವ’ ಎಂಬ ಪತ್ರಿಕೆಯನ್ನೂ ಶುರು ಮಾಡಿದರು.” ಎರಡನೆಯ ವಾಕ್ಯದಲ್ಲಿ ಮೂರು ಕೆಲಸಗಳಿವೆ, ಆದರೂ ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹುಟ್ಟಿದ ಊರು, ವರ್ಷ ಈ ಪ್ಯಾರಾಕ್ಕೆ ಬೇಡವಾಗಿತ್ತು, ಬಿಟ್ಟೆ. ಗೊತ್ತಿರುವುದನ್ನೆಲ್ಲ ಒಂದೇ ಕಡೆ ತುಂಬುವ ಆಸೆಯಿಂದಲೇ ಇಂಥ ವಾಕ್ಯಗಳು ಹುಟ್ಟುವುದು.

ಒಂದು ಹೆಸರಿನ ಮುಂದೆ ಇಂಥ ‘-ದ’, ‘-ವ’ ಎರಡಕ್ಕಿಂತ ಜಾಸ್ತಿ ಬಂದರೆ ಮುರಿಯಿರಿ, ಇದು ನಾನು ಪಾಲಿಸುವ ಲೆಕ್ಕ.

ಹೆಜ್ಜೆ 4: ಒಂದು ವಿಷಯಕ್ಕೆ ಒಂದೇ ಪದ

ಒಂದೇ ಪದ ಮತ್ತೆ ಮತ್ತೆ ಬಂದರೆ ಚೆನ್ನಾಗಿರಲ್ಲ ಅಂತ ಶಾಲೆಯಲ್ಲಿ ನಿಬಂಧ ಬರೆಸುವಾಗ ಕಲಿಸಿರುತ್ತಾರೆ. ಸಂಶೋಧನಾ ಬರವಣಿಗೆಯಲ್ಲಿ ಆ ಪಾಠವನ್ನು ಮರೆತುಬಿಡಿ.

ಆಲಮಟ್ಟಿ ಹಿನ್ನೀರಿನಿಂದ ಊರು ಕಳೆದುಕೊಂಡವರ ಬಗ್ಗೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮೊದಲ ಪುಟದಲ್ಲಿ ‘ಮುಳುಗಡೆ ಸಂತ್ರಸ್ತರು’, ಎರಡನೆಯದರಲ್ಲಿ ‘ನಿರ್ವಸಿತರು’, ಆಮೇಲೆ ‘ಸ್ಥಳಾಂತರಿತರು’, ಕೊನೆಗೆ ‘ಪುನರ್ವಸತಿ ಫಲಾನುಭವಿಗಳು’ ಅಂತ ಬರೆದರೆ ಓದುವವರು ಇವರೆಲ್ಲ ಒಂದೇ ಜನರಾ, ನಾಲ್ಕು ಗುಂಪುಗಳಾ ಅಂತ ತಿರುಗಿ ಹಾಳೆ ಮಗುಚುತ್ತಾರೆ. ಇದರಲ್ಲಿ ನಿಜವಾದ ವ್ಯತ್ಯಾಸವೂ ಇದೆ. ಹೊಲ ಮುಳುಗಿ ಮನೆ ಉಳಿದವರಿರುತ್ತಾರೆ, ಮನೆ ಮುಳುಗಿದರೂ ಪುನರ್ವಸತಿಗೆ ಕಟ್ಟಿದ ನವನಗರಕ್ಕೆ ಹೋಗದವರಿರುತ್ತಾರೆ, ನಿವೇಶನ ಸಿಕ್ಕವರೇ ಬೇರೆ. ಆ ವ್ಯತ್ಯಾಸ ನಿಮಗೆ ಮುಖ್ಯ ಆಗಿದ್ದರೆ ಯಾವ ಪದ ಯಾರಿಗೆ ಅಂತ ಶುರುವಿನಲ್ಲೇ ಹೇಳಿ, ಕೊನೆಯವರೆಗೂ ಹಾಗೇ ನಡೆಸಿ. ಮುಖ್ಯ ಅಲ್ಲದಿದ್ದರೆ ಜನ ಆಡುವ ‘ಮುಳುಗಡೆ ಸಂತ್ರಸ್ತರು’ ಒಂದೇ ಸಾಕು.

ಪಾರಿಭಾಷಿಕ ಪದ ಬಂದಾಗ ನಿಘಂಟಿನ ಅರ್ಥ ಕೊಡುವುದಕ್ಕಿಂತ ಆ ವಸ್ತು ಏನು ಕೆಲಸ ಮಾಡುತ್ತದೆ ಅಂತ ಹೇಳುವುದು ಒಳ್ಳೆಯದು. ಗೋಳಗುಮ್ಮಟದ ಬಗ್ಗೆ ಬರೆಯುವವರು ‘ಪೆಂಡೆಂಟಿವ್‌ಗಳ ಬಳಕೆಯಿಂದ ಕೂಡಿದೆ’ ಅಂತ ಬರೆದು ಮುಂದೆ ಹೋಗುತ್ತಾರೆ. ಹೀಗೆ ಬರೆದರೆ? “ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನ್ನು ಕೂರಿಸಲು ಕಟ್ಟಿದವರು ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳನ್ನು ಹಾಕಿ ಮೂಲೆಗಳನ್ನು ಒಳಕ್ಕೆ ತಂದಿದ್ದಾರೆ. ಹೀಗೆ ಮೂಲೆ ತುಂಬುವ ಭಾಗಕ್ಕೆ ಪೆಂಡೆಂಟಿವ್ ಎನ್ನುತ್ತಾರೆ.” ಇಷ್ಟು ಹೇಳಿದ ಮೇಲೆ ಮುಂದಿನ ಇಪ್ಪತ್ತು ಪುಟಗಳಲ್ಲಿ ಪೆಂಡೆಂಟಿವ್ ಅಂತಲೇ ಬರೆಯಿರಿ, ಯಾರೂ ಹೆದರುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ಸಿಕ್ಕ ಪದಗಳನ್ನು ದಯವಿಟ್ಟು ಬಿಸಾಡಬೇಡಿ. ಕೊಂಡಿ, ಹಾಸು, ಹೊಕ್ಕು (ಅಡ್ಡಕ್ಕೆ ನೇಯುವ ನೂಲು), ತೋಪ್ ತೆನಿ ಸೆರಗು (ಇಳಕಲ್ ಸೀರೆಯ ಸೆರಗಿನ ಒಂದು ವಿನ್ಯಾಸ) ಇವು ಬಳಸುವವರ ಬಾಯಲ್ಲಿ ಸವೆದು ಗಟ್ಟಿಯಾದ ಪದಗಳು. ಒಂದು ಸಲ ವಿವರಿಸಿ ಹಾಗೇ ಇಟ್ಟುಕೊಳ್ಳಿ.

ಹೆಜ್ಜೆ 5: ಅಂಕಿಗೆ ಅರ್ಥ ಕೊಡಿ

“ಆಲಮಟ್ಟಿ ಜಲಾಶಯದ ಮಟ್ಟವು 519.60 ಮೀಟರ್ ಇದ್ದು, ಇದನ್ನು 524.256 ಮೀಟರ್‌ಗೆ ಏರಿಸಲು ಉದ್ದೇಶಿಸಲಾಗಿದೆ.” ಈ ವಿಷಯ ಗೊತ್ತಿಲ್ಲದವರು ಇದನ್ನು ಓದಿದರೆ ಅಣೆಕಟ್ಟೆಯೇ ಅರ್ಧ ಕಿಲೋಮೀಟರ್ ಎತ್ತರ ಅಂದುಕೊಳ್ಳುತ್ತಾರೆ! ಇದು ಸಮುದ್ರ ಮಟ್ಟದಿಂದ ಅಳೆದ ನೀರಿನ ಮಟ್ಟ ಅಂತ ಒಂದು ಮಾತು ಸೇರಿಸಿ. ಆಮೇಲೆ ವ್ಯತ್ಯಾಸವನ್ನು ನೀವೇ ಲೆಕ್ಕ ಹಾಕಿ ಕೊಡಿ, ಸುಮಾರು 4.66 ಮೀಟರ್. ಅದರ ಬೆನ್ನಿಗೇ ಅಷ್ಟು ನೀರು ಏರಿದರೆ ನೀವು ಅಧ್ಯಯನ ಮಾಡಿದ ಊರಿನಲ್ಲಿ ಏನು ಮುಳುಗುತ್ತದೆ ಅಂತ ಹೇಳಿ, ಯಾವ ಓಣಿ, ಯಾರ ಹೊಲ, ಯಾವ ಗುಡಿ. ಅಂಕಿ ನಿಮ್ಮ ಮಾತಿಗೆ ಬೆನ್ನಾಗಿ ನಿಲ್ಲಬೇಕು, ಅದರ ಜಾಗದಲ್ಲಿ ಕೂರಬಾರದು. ಮೂರಕ್ಕಿಂತ ಹೆಚ್ಚು ಅಂಕಿ ಒಂದೇ ವಾಕ್ಯಕ್ಕೆ ಬಂದರೆ ಕೋಷ್ಟಕ ಮಾಡಿ. ಕೋಷ್ಟಕ ಹಾಕಿದ ಮೇಲೆ ಅದರಲ್ಲಿರುವುದನ್ನೇ ಸಾಲು ಸಾಲಾಗಿ ಮತ್ತೆ ಬರೆಯುವ ಚಾಳಿ ಬಿಟ್ಟು, ಅದರಲ್ಲಿ ನೋಡಬೇಕಾದ್ದು ಏನು ಅಂತ ಒಂದು ವಾಕ್ಯದಲ್ಲಿ ಹೇಳಿ.

ಹೆಜ್ಜೆ 6: ಬೇರೆಯವರ ಮಾತು ತರುವಾಗ

ಉಲ್ಲೇಖ ಹಾಕಿ ಓಡಿಹೋಗುವುದು ನಮ್ಮ ಕಡೆ ದೊಡ್ಡ ರೋಗ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಅಂತ ಎತ್ತಿ ಹಾಕುತ್ತಾರೆ, ಕೆಳಗೆ ಅಡಿಟಿಪ್ಪಣಿಯ ನಂಬರ್ ಕೊಡುತ್ತಾರೆ, ಮುಂದಿನ ಪ್ಯಾರಾ ಇನ್ನೆಲ್ಲಿಗೋ ಹೋಗಿರುತ್ತದೆ. ಓದುವವರು ಅದರಿಂದ ಏನು ತೆಗೆದುಕೊಳ್ಳಬೇಕು? ಉಲ್ಲೇಖಕ್ಕಿಂತ ಮೊದಲು ಒಂದು ಮಾತು, ಆದ ಮೇಲೆ ಒಂದು ಮಾತು ಇರಲಿ. “ಸುಮಾರು ಕ್ರಿ.ಶ. 700ರ ಈ ಶಾಸನ ಅರಭಟ್ಟನ ಸ್ವಭಾವವನ್ನು ತ್ರಿಪದಿಯಲ್ಲಿ ಹೇಳುತ್ತದೆ” ಅಂತ ಮೊದಲು ಹೇಳಿ. ಆಮೇಲೆ, ಒಳ್ಳೆಯವರಿಗೆ ಒಳ್ಳೆಯವನು, ಕಾಡಿದವರಿಗೆ ಕಲಿ ಅನ್ನುವ ಈ ಹೊಗಳಿಕೆ ನಿಮ್ಮ ವಾದಕ್ಕೆ ಹೇಗೆ ಬೇಕು ಅಂತ ಹೇಳಿ. ತ್ರಿಪದಿಯ ಹಳಮೆಗೆ ಸಾಕ್ಷಿಯಾಗಿ ತಂದಿರಾ, ವೀರನ ಕಲ್ಪನೆಗೆ ತಂದಿರಾ? ಯಾವುದಕ್ಕೆ ಅಂತ ಹೇಳಲು ಆಗದಿದ್ದರೆ ಆ ಉಲ್ಲೇಖ ಅಲ್ಲಿ ಬೇಕಿಲ್ಲ.

ಇಂಗ್ಲಿಷ್ ಪುಸ್ತಕ ನೋಡಿ ಬರೆಯುವಾಗ, ಬೆಳಗಾವಿ ಕಡೆಯವರು ಮರಾಠಿ ಪುಸ್ತಕ ನೋಡಿ ಬರೆಯುವಾಗಲೂ, ಪುಟ ಓದಿ ಪುಸ್ತಕ ಮುಚ್ಚಿಡಿ. ಎದ್ದು ಒಂದು ಲೋಟ ನೀರು ಕುಡಿದು ಬಂದು ನೆನಪಿನಿಂದ ಬರೆಯಿರಿ. ಆಮೇಲೆ ತೆರೆದು ಹೆಸರು, ಇಸವಿ, ಪುಟಸಂಖ್ಯೆ ಸರಿಯಿದೆಯಾ ನೋಡಿ. ಪುಸ್ತಕ ಎದುರಿಗೆ ತೆರೆದಿದ್ದರೆ ಅದರ ವಾಕ್ಯದ ಹಂದರವೇ ನಿಮ್ಮ ಕೈಗೆ ಬರುತ್ತದೆ. ‘ಇದು ಗಮನವನ್ನು ಕೇಂದ್ರೀಕರಿಸುವ ಒಂದು ಪ್ರಯತ್ನವಾಗಿದೆ’ ಅನ್ನುವಂಥದ್ದೆಲ್ಲ ಹಾಗೆ ಬಂದದ್ದೇ.

ಇನ್ನು ಕೃತಿಚೌರ್ಯದ ಸಾಫ್ಟ್‌ವೇರ್. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ, ಅದು ದಾಟಿದರೆ ಪ್ರಮಾಣಕ್ಕೆ ತಕ್ಕ ಹಾಗೆ ಕ್ರಮ ಬಿಗಿಯಾಗುತ್ತಾ ಹೋಗುತ್ತದೆ. ಇದಕ್ಕೆ ಹೆದರಿ ಕೆಲವರು ಬೇರೆಯವರ ಪ್ಯಾರಾ ತೆಗೆದುಕೊಂಡು ಪದಕ್ಕೆ ಪದ ಬದಲಿಸುತ್ತಾ ಕೂರುತ್ತಾರೆ. ‘ನೀರು’ ಹೋಗಿ ‘ಜಲ’ ಬರುತ್ತದೆ, ‘ಊರು’ ಹೋಗಿ ‘ಜನವಸತಿ ಪ್ರದೇಶ’ ಬರುತ್ತದೆ. ಸಾಫ್ಟ್‌ವೇರ್ ಮೋಸ ಹೋಗುತ್ತದೋ ಇಲ್ಲವೋ, ಕನ್ನಡ ಮಾತ್ರ ಕೆಡುತ್ತದೆ. ಕದ್ದದ್ದು ಕದ್ದದ್ದೇ, ಅದು ಬೇರೆ ಮಾತು. ಮಾತು ಅಷ್ಟು ಚೆನ್ನಾಗಿದ್ದರೆ ಉದ್ಧರಣ ಚಿಹ್ನೆ ಹಾಕಿ, ಹೆಸರು ಹೇಳಿ, ಹಾಗೇ ಕೊಡಿ. ಸರಿಯಾಗಿ ಹೆಸರಿಸಿದ ಉಲ್ಲೇಖವನ್ನು ಹೋಲಿಕೆಯ ಲೆಕ್ಕದಿಂದ ಬಿಡಲು ನಿಯಮದಲ್ಲೇ ಅವಕಾಶ ಇದೆ.

ಹೆಜ್ಜೆ 7: ಪ್ಯಾರಾದ ಮೊದಲ ಸಾಲು

ಇದು ಸುಲಭ. ಅಧ್ಯಾಯ ಮುಗಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಓದುತ್ತಾ ಹೋಗಿ. ಅಷ್ಟರಲ್ಲೇ ಅಧ್ಯಾಯದ ಕಥೆ ತಿಳಿದರೆ ಸರಿ. ಎಲ್ಲಾದರೂ ಕಡಿದುಹೋದರೆ ಆ ಪ್ಯಾರಾ ಜಾಗ ತಪ್ಪಿದೆ, ಇಲ್ಲವೇ ಮುಖ್ಯ ಮಾತು ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡಿದೆ. ‘ಅನಾದಿ ಕಾಲದಿಂದಲೂ ಮಾನವನು’ ಅಂತ ಶುರುವಾಗುವ ಮೊದಲ ಪ್ಯಾರಾವನ್ನು ಸುಮ್ನೆ ಅಳಿಸಿ. ಎರಡನೆಯ ಪ್ಯಾರಾದಿಂದ ಅಧ್ಯಾಯ ಎಷ್ಟು ಚೆನ್ನಾಗಿ ಶುರುವಾಗುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ.

ಹೆಜ್ಜೆ 8: ‘ನಾನು’ ಅನ್ನಬಹುದಾ?

ಅನ್ನಬಹುದು ಅಂತ ನನ್ನ ಅಭಿಪ್ರಾಯ. ‘ಪ್ರಸ್ತುತ ಸಂಶೋಧಕಿಯು ಸಂದರ್ಶನ ಕೈಗೊಂಡಿರುತ್ತಾಳೆ’ ಅನ್ನುವುದಕ್ಕಿಂತ ‘ನಾನು ಸಂದರ್ಶನ ಮಾಡಿದೆ’ ಅನ್ನುವುದು ಚಿಕ್ಕದು, ಪ್ರಾಮಾಣಿಕವೂ ಹೌದು. ಆದರೆ ಕೆಲವು ಗೈಡ್‌ಗಳಿಗೆ ಇದು ಹಿಡಿಸುವುದಿಲ್ಲ, ವಿಭಾಗದ ರೂಢಿಯೂ ಬೇರೆ ಇರಬಹುದು. ಮೊದಲ ಅಧ್ಯಾಯ ಕೊಡುವಾಗಲೇ, “ಸರ್, ಕ್ಷೇತ್ರಕಾರ್ಯದ ಭಾಗದಲ್ಲಷ್ಟೇ ನಾನು ಅಂತ ಬರೀಲೇನ್ರಿ?” ಅಂತ ಕೇಳಿಬಿಡಿ. ಅಷ್ಟಕ್ಕೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಜಗಳ ಬೇಡ, ‘ಈ ಅಧ್ಯಯನಕ್ಕಾಗಿ ಮಾತಾಡಿಸಿದ ನೇಕಾರರು ಹೀಗೆ ಹೇಳಿದರು’ ಅಂತ ಬರೆದರೆ ನಾನೂ ಬೇಡ, ಸಂಶೋಧಕಿಯೂ ಬೇಡ.

ಹೆಜ್ಜೆ 9: ಕಿವಿಗೆ ಕೊಟ್ಟು ನೋಡಿ, ಆಮೇಲೆ ಫಾಂಟ್

ಗಟ್ಟಿಯಾಗಿ ಓದಿ. ಉಸಿರು ಸಾಲದ ಕಡೆ ಗುರುತು ಹಾಕಿ, ಅಲ್ಲೇ ಹೆಜ್ಜೆ 3ರ ಕೆಲಸ ಬಾಕಿ ಇದೆ. ನಂತರ ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ನಾಲ್ಕು ಪುಟ ಕೊಡಿ. ಬೇರೆ ವಿಭಾಗದ ಗೆಳತಿ ಆಗಬಹುದು, ಹೈಸ್ಕೂಲು ಮಾಸ್ತರಿಕೆ ಮಾಡುವ ಅಣ್ಣ ಆಗಬಹುದು. ‘ಹೆಂಗೈತಿ?’ ಅಂತ ಕೇಳಬೇಡಿ, ಮುಲಾಜಿಗೆ ‘ಚಲೋ ಐತಿ’ ಅಂದುಬಿಡುತ್ತಾರೆ. ‘ಇದರಾಗ ಏನ್ ಹೇಳೇನಿ, ನೀನ ಹೇಳು’ ಅನ್ನಿ. ಅವರು ಹೇಳಿದ್ದಕ್ಕೂ ನೀವು ಅಂದುಕೊಂಡದ್ದಕ್ಕೂ ತಾಳೆ ಆಗದ ಕಡೆ ವಿವರಿಸಲು ಹೋಗದೆ, ಆ ಪ್ಯಾರಾವನ್ನೇ ಮತ್ತೆ ಬರೆಯಿರಿ. ಪ್ರಬಂಧದ ಜೊತೆ ನೀವು ಎಲ್ಲ ಕಡೆ ಹೋಗಲು ಆಗುವುದಿಲ್ಲವಲ್ಲ.

ಡಿಟಿಪಿ ಅಂಗಡಿಯವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ಬದಲಿಸಿದ್ದರೆ ಕಡತವನ್ನು ಒಮ್ಮೆ ಪೂರ್ತಿ ಕಣ್ಣಾಡಿಸಿ. ಅರ್ಕಾವತ್ತು ಜಾಗ ತಪ್ಪಿರುತ್ತದೆ, ಒತ್ತಕ್ಷರ ಒಡೆದಿರುತ್ತದೆ, ನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿರುತ್ತವೆ. ಪಿಡಿಎಫ್ ಮಾಡಿದ ಮೇಲೆ ಅದರಲ್ಲಿ ‘ನೇಕಾರ’ ಅಂತ ಹುಡುಕಿ ನೋಡಿ. ಸಿಗದಿದ್ದರೆ ಶೋಧಗಂಗಾದಲ್ಲಿ ನಿಮ್ಮ ಪ್ರಬಂಧ ತೆರೆದು ಹುಡುಕುವವರಿಗೂ ಸಿಗುವುದಿಲ್ಲ. ಆಗ ಬೈಂಡಿಂಗ್‌ಗೆ ಕೊಡುವುದನ್ನು ಎರಡು ದಿನ ಮುಂದಕ್ಕೆ ಹಾಕಿ, ಫಾಂಟ್ ಸರಿ ಮಾಡಿಸಿ.